ದಾರ ಎಳೆದವರು: ವೂಕಿ ಹೋಲ್ ಗುಹೆಯ ನೀರಿನಡಿಯಲ್ಲಿ 70 ವರ್ಷ



ಈ ದತ್ತಿ ಉಪನ್ಯಾಸ ಒಬ್ಬ ಟೆಲಿಫೋನ್ ಲೈನ್‌ಮನ್ನರ ನೆನಪಿನಲ್ಲಿದೆ. ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಎರಡು ಹೋಳಾಗುವುದಕ್ಕೆ ಮುಂಚೆಯೇ ಕೆಲಸಕ್ಕೆ ಸೇರಿ, ಮಲೆನಾಡಿನ ಮಳೆಯಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆದವರು ಅವರು. ಅವರ ಮಕ್ಕಳು ಹಾಕಿರುವ ಷರತ್ತುಗಳು ಎರಡೇ: ವಿಷಯ ವಿಜ್ಞಾನ ಇಲ್ಲವೇ ತಂತ್ರಜ್ಞಾನದ್ದಾಗಿರಬೇಕು, ಮಾತು ಕನ್ನಡದಲ್ಲಿರಬೇಕು. ಆಹ್ವಾನ ಬಂದ ದಿನವೇ ನಾನು ವಿಷಯವನ್ನು ಆರಿಸಿಕೊಂಡೆ. ಇಂಗ್ಲೆಂಡಿನ ಅಂಚೆ ಇಲಾಖೆಯ ಇಬ್ಬರು ಎಂಜಿನಿಯರುಗಳು ಶುರುಮಾಡಿದ ಕೆಲಸವೊಂದರ ಕಥೆ ಇದು. ಅವರೂ ಲೈನ್ ಎಳೆದವರೇ. ಆದರೆ ನೆಲದ ಕೆಳಗೆ, ನೀರಿನ ಒಳಗೆ, ಕತ್ತಲಲ್ಲಿ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಮುಳುಗುಗಾರನಲ್ಲ. ಭೂವಿಜ್ಞಾನದ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು. ಬಾವಿಯಲ್ಲಿ ಉಸಿರು ಕಟ್ಟಿದರೆ ತಲೆ ಮೇಲೆತ್ತಿದರಾಯಿತು, ಗಾಳಿ ಸಿಗುತ್ತದೆ. ಇವತ್ತು ನಾನು ಹೇಳುವ ಜಾಗದಲ್ಲಿ ತಲೆ ಮೇಲೆತ್ತಿದರೆ ಬಂಡೆ ಬಡಿಯುತ್ತದೆ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಮಾತೆಲ್ಲ ತಾನಾಗಿ ಅರ್ಥವಾಗುತ್ತದೆ.

ಸಂಪು ಎಂಬ ಪದ

ಬೆಂಗಳೂರಿನ ಮನೆಗಳ ಮುಂದೆ ಕಬ್ಬಿಣದ ಮುಚ್ಚಳದ ಕೆಳಗೆ ಒಂದು ನೀರಿನ ತೊಟ್ಟಿ ಇರುತ್ತದಲ್ಲ, ಅದನ್ನು ನಾವು ಸಂಪು ಎನ್ನುತ್ತೇವೆ. ಇಂಗ್ಲಿಷಿನಿಂದ ಬಂದು ನಮ್ಮದೇ ಆಗಿಹೋದ ಪದ. ಗುಹೆ ಹೊಕ್ಕುವವರೂ ಇದೇ ಪದವನ್ನು ಬಳಸುತ್ತಾರೆ. ಗುಹೆಯಲ್ಲಿ ನಡೆದುಹೋಗುತ್ತಿದ್ದಂತೆ ಚಾವಣಿ ಬಾಗುತ್ತ ಬಂದು ನೀರಿನಲ್ಲಿ ಮುಳುಗಿಬಿಟ್ಟರೆ ಆ ತಾಣಕ್ಕೆ ಸಂಪು ಎಂದು ಹೆಸರು. ಕೈತೊಳೆಯುವ ಸಿಂಕಿನ ಕೆಳಗಿನ ಬಾಗಿದ ಕೊಳವೆಯನ್ನು ನೆನಪಿಸಿಕೊಳ್ಳಿ. ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ, ಅದರ ಎರಡೂ ಕಡೆ ಗಾಳಿ. ಗುಹೆಯ ಸಂಪೂ ಹಾಗೆಯೇ. ಆಚೆ ಕಡೆ ಮತ್ತೆ ಗಾಳಿಯ ಕೋಣೆ ಇರಬಹುದು, ಇಲ್ಲದೆಯೂ ಇರಬಹುದು. ಎರಡು ಮೀಟರಿಗೇ ಮುಗಿಯಬಹುದು, ಇನ್ನೂರು ಮೀಟರಾದರೂ ಮುಗಿಯದಿರಬಹುದು. ಹೋಗಿ ನೋಡದೆ ತಿಳಿಯುವ ಉಪಾಯವಿಲ್ಲ.

ಇಂಥ ಗುಹೆಗಳು ಆಗುವುದು ಸುಣ್ಣಕಲ್ಲಿನ ನಾಡಿನಲ್ಲಿ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಬಿರುಕುಗಳಿಗೆ ಇಳಿದು, ಸಾವಿರಾರು ವರ್ಷ ಕಲ್ಲನ್ನು ಕರಗಿಸುತ್ತ ಕೊಳವೆಗಳನ್ನು ಕೊರೆಯುತ್ತದೆ. ಹೊಳೆಯೊಂದು ಬೆಟ್ಟದ ತಲೆಯ ಮೇಲೆ ನೆಲದೊಳಕ್ಕೆ ಇಳಿದು ಬೆಟ್ಟದ ಬುಡದಲ್ಲಿ ಮತ್ತೆ ಹೊರಬೀಳುತ್ತದೆ. ನಡುವಿನ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಗ್ಲೆಂಡಿನ ಸೋಮರ್ಸೆಟ್ ಕೌಂಟಿಯ ಮೆಂಡಿಪ್ ಬೆಟ್ಟಗಳು ಇಂಥವು. ಮೇಲೆ ಪ್ರಿಡ್ಡಿ ಎಂಬ ಹಳ್ಳಿ. ಅದರ ಹತ್ತಿರ ಸ್ವಿಲ್ಡನ್ಸ್ ಹೋಲ್ ಎಂಬ ಬಿಲದಲ್ಲಿ ಹೊಳೆ ನೆಲ ಹೊಗುತ್ತದೆ. ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ವೆಲ್ಸ್ ಪಟ್ಟಣದ ಪಕ್ಕ, ವೂಕಿ ಹೋಲ್ ಎಂಬಲ್ಲಿ ಬಂಡೆಯ ಬುಡದಿಂದ ಆಕ್ಸ್ ನದಿ ಹೊರಬರುತ್ತದೆ. ಆ ನೀರಿನಿಂದ ಅಲ್ಲಿ ಒಂದು ಕಾಗದದ ಗಿರಣಿ ನಡೆಯುತ್ತಿತ್ತು. ಒಳ್ಳೆಯ ಕಾಗದಕ್ಕೆ ಶುದ್ಧವಾದ ನೀರು ಬೇಕು. ಮೇಲೆ ಪ್ರಿಡ್ಡಿಯಲ್ಲಿ ಸೀಸದ ಅದಿರು ತೊಳೆಯುತ್ತಿದ್ದವರು ಹೊಲಸು ನೀರನ್ನು ಬಿಲಕ್ಕೆ ಬಿಟ್ಟರು, ಕೆಳಗೆ ಗಿರಣಿಯ ನೀರು ಕೆಟ್ಟಿತು. ಗಿರಣಿಯ ಒಡೆಯ ಹಾಡ್ಜ್‌ಕಿನ್ಸನ್ ನ್ಯಾಯಾಲಯಕ್ಕೆ ಹೋದರು. 1863ರಲ್ಲಿ ತೀರ್ಪು ಅವರ ಕಡೆಗಾಯಿತು. ನೆಲದೊಳಗಿನ ದಾರಿ ಕಾಣದಿದ್ದರೇನು, ಮೇಲೆ ಕೆಡಿಸಿದವನು ಕೆಳಗಿನವನಿಗೆ ಹೊಣೆಗಾರ ಎಂದು ಕಾನೂನು ಒಪ್ಪಿಕೊಂಡಿತು. ಮನುಷ್ಯ ಆ ದಾರಿಯಲ್ಲಿ ಒಂದು ಹೆಜ್ಜೆ ಇಡುವುದಕ್ಕೆ 70 ವರ್ಷಕ್ಕೂ ಮೊದಲೇ ವಕೀಲರು ಅದನ್ನು ಸಾಬೀತು ಮಾಡಿದ್ದರು!

ಹೆಂಗಸರ ಸೈಕಲ್ಲು, ತಾಮ್ರದ ತಲೆ

ವೂಕಿ ಹೋಲಿನ ಮೊದಲ ಮೂರು ಕೋಣೆಗಳಿಗೆ ನಡೆದೇ ಹೋಗಬಹುದು. ಮೊದಲ ಕೋಣೆಯಲ್ಲಿ ಮುದುಕಿಯ ಆಕಾರದ ಒಂದು ಸುಣ್ಣದ ಹುತ್ತ ನಿಂತಿದೆ. ಊರನ್ನು ಕಾಡುತ್ತಿದ್ದ ಮಾಟಗಾತಿಯನ್ನು ಒಬ್ಬ ಸನ್ಯಾಸಿ ಕಲ್ಲಾಗಿಸಿದ ಎಂದು ಐತಿಹ್ಯ. ಕಲ್ಲಾದ ಅಹಲ್ಯೆಯನ್ನು ಬಲ್ಲ ನಮಗೆ ಈ ಕಥೆ ಹೊಸದೇನಲ್ಲ. ಗುಹೆಯನ್ನು ಅಗೆದು ಶೋಧಿಸಿದವರು ಹರ್ಬರ್ಟ್ ಬಾಲ್ಚ್. ವೆಲ್ಸ್ ಪಟ್ಟಣದ ಅಂಚೆ ಕಚೇರಿಯಲ್ಲಿ ಅವರ ಕೆಲಸ, ಪುರಾತತ್ತ್ವ ಅವರ ಹವ್ಯಾಸ. ಮೂರನೆಯ ಕೋಣೆಯಿಂದಾಚೆಗೆ ನದಿ ಬಂಡೆಯ ಕೆಳಗೆ ಮಾಯವಾಗುತ್ತದೆ. ಅವರ ಶೋಧ ಅಲ್ಲಿಗೆ ನಿಂತಿತು.

ಆಮೇಲೆ ಬಂದವರು ಅಂಚೆ ಇಲಾಖೆಯ ಇಬ್ಬರು ಎಂಜಿನಿಯರುಗಳು, ಗ್ರಹಾಂ ಬಾಲ್ಕಂ ಮತ್ತು ಜಾಕ್ ಶೆಪರ್ಡ್. ಅವರ ಮೊದಲ ಕಣ್ಣು ಸ್ವಿಲ್ಡನ್ಸ್ ಹೋಲಿನ ಮೊದಲ ಸಂಪಿನ ಮೇಲಿತ್ತು. ಸಿಡಿಮದ್ದು ಇಟ್ಟು ನೋಡಿದರು, ಬಂಡೆ ಜಗ್ಗಲಿಲ್ಲ. 1934ರಲ್ಲಿ ಬಾಲ್ಕಂ ತಾವೇ ಒಂದು ಉಸಿರಾಟದ ಸಾಧನ ಮಾಡಿದರು. ಹೆಂಗಸರ ಸೈಕಲ್ಲಿನ ಚೌಕಟ್ಟಿನ ಕೊಳವೆ, ಒಂದಿಷ್ಟು ಕವಾಟ, ತೋಟಕ್ಕೆ ನೀರು ಹಾಯಿಸುವ ಪೈಪು, ಇಷ್ಟೇ ಅದರ ಸರಂಜಾಮು. ಅದೂ ಸಾಲಲಿಲ್ಲ. ಕೊನೆಗೆ 1936ರ ಅಕ್ಟೋಬರ್ 4ರಂದು ಶೆಪರ್ಡ್ ತಾವೇ ರೂಪಿಸಿದ ಉಡುಪು ತೊಟ್ಟು ಆ ಸಂಪನ್ನು ದಾಟಿದರು. ಅದರ ಉದ್ದ ಒಂದೆರಡು ಮೀಟರ್ ಮಾತ್ರ. ಇವತ್ತು ಗುಹಾಸಕ್ತರು ಅಲ್ಲಿ ಕಟ್ಟಿದ ಹಗ್ಗ ಹಿಡಿದು, ಉಸಿರು ಬಿಗಿಹಿಡಿದು, ಕ್ಷಣದಲ್ಲಿ ಆಚೆ ಏಳುತ್ತಾರೆ. ಎರಡು ವರ್ಷದ ಪಾಡು ಎರಡು ಮೀಟರಿಗೆ! ಆಚೆ ಏನಿದೆ ಎಂದು ತಿಳಿಯದವನಿಗೆ ಎರಡು ಮೀಟರೂ ಸಮುದ್ರವೇ.

ಈ ನಡುವೆ, 1935ರಲ್ಲಿ, ಅವರು ವೂಕಿ ಹೋಲಿಗೆ ಬಂದರು. ಗಿರಣಿಯೂ ಗುಹೆಯೂ ಇನ್ನೂ ಹಾಡ್ಜ್‌ಕಿನ್ಸನ್ ಮನೆತನದ ಕೈಯಲ್ಲಿದ್ದವು. ಅಪ್ಪಣೆ ಸಿಕ್ಕಿತು. ಸೀಬ್ ಗಾರ್ಮನ್ ಎಂಬ ಕಂಪನಿ ಹಡಗುಕಟ್ಟೆಯ ಮುಳುಗುಗಾರರು ತೊಡುವ ಪೂರ್ಣ ಉಡುಪನ್ನು ಕಡವಾಗಿ ಕೊಟ್ಟಿತು. ತಾಮ್ರದ ದುಂಡು ಶಿರಸ್ತ್ರಾಣ, ರಬ್ಬರು ಬಟ್ಟೆ, ಎದೆಗೂ ಪಾದಕ್ಕೂ ಸೀಸ, ಎಲ್ಲ ಸೇರಿ 80 ಕೆ.ಜಿ. ದಾಟುವ ಭಾರ. ದಡದಲ್ಲಿ ಕೈಪಂಪು ತಿರುಗಿಸುತ್ತಿರುವಷ್ಟು ಹೊತ್ತು ಕೊಳವೆಯಲ್ಲಿ ಗಾಳಿ ಬರುತ್ತದೆ. ಇದನ್ನು ತೊಟ್ಟವರು ಈಜುವುದಿಲ್ಲ, ನದಿಯ ತಳದಲ್ಲಿ ನಡೆಯುತ್ತಾರೆ. ಒಂದೊಂದು ಹೆಜ್ಜೆಗೂ ಕೆಸರು ಮೋಡದಂತೆ ಏಳುತ್ತದೆ. ಹೋಗುವಾಗ ಹಸಿರು ಗಾಜಿನಂತಿದ್ದ ನೀರು ಬರುವಾಗ ಕಾಫಿ ಗಸಿಯಂತಾಗಿರುತ್ತದೆ.

ಬಾಲ್ಕಂ ಜೊತೆಯಲ್ಲಿ ಮುಳುಗಿದವರಲ್ಲಿ ಪೆನೆಲೊಪಿ ಪೊವೆಲ್ ಎಂಬ ಮಹಿಳೆಯೂ ಇದ್ದರು. ಗೆಳೆಯರು ಅವರನ್ನು ಮಾಸಿ ಎಂದು ಕರೆಯುತ್ತಿದ್ದರು. ನಮ್ಮ ಕಿವಿಗೆ ಇದು ಚಿಕ್ಕಮ್ಮನ ಹೆಸರಿನಂತೆ ಕೇಳುತ್ತದೆ, ಅವರ ಮಾತಿನಲ್ಲಿ ಪಾಚಿ ಎಂಬ ಪದದಿಂದ ಹುಟ್ಟುವ ಅಡ್ಡಹೆಸರು. ತಂಡ ಏಳನೆಯ ಕೋಣೆಯವರೆಗೆ, ಅಂದರೆ 52 ಮೀಟರ್ ಒಳಗೆ ತಲುಪಿತು. ಅಲ್ಲಿಂದ ಮುಂದಕ್ಕೆ ಗಾಳಿಯ ಕೊಳವೆಯನ್ನು ಎಳೆದೊಯ್ಯುವುದು ಅಸಾಧ್ಯವಾಯಿತು.

52 ಮೀಟರ್ ಎಂದರೆ ಈ ಸಭಾಂಗಣದಿಂದ ಎದುರಿನ ಬಸ್ ನಿಲ್ದಾಣದವರೆಗೂ ಆಗುವುದಿಲ್ಲ. ಆದರೆ ಅಷ್ಟು ದೂರದಲ್ಲಿ ಅವರು ಎರಡು ಒಳ್ಳೆಯ ಕೆಲಸ ಮಾಡಿದರು. ಮೊದಲನೆಯದು, ಟೆಲಿಫೋನ್ ಬಲ್ಲವರಾದ್ದರಿಂದ ಒಳಗಿದ್ದವರೂ ದಡದಲ್ಲಿದ್ದವರೂ ಮಾತಾಡುವಂತೆ ತಂತಿ ಎಳೆದರು. ಕಿಷ್ಕಿಂಧೆಯ ಕಥೆ ತಮಗೆ ಗೊತ್ತು. ವಾಲಿ ರಕ್ಕಸನನ್ನು ಅಟ್ಟಿಕೊಂಡು ಬಿಲದೊಳಗೆ ಹೋದ, ಸುಗ್ರೀವ ಬಾಗಿಲಲ್ಲಿ ವರ್ಷಕ್ಕೂ ಮಿಕ್ಕಿ ಕಾದ, ಹೊರಬಂದ ನೆತ್ತರು ಕಂಡು ಅಣ್ಣ ಸತ್ತನೆಂದುಕೊಂಡು ಬಿಲಕ್ಕೆ ಬಂಡೆ ಮುಚ್ಚಿ ಬಂದ. ಒಳಗಿನ ಸುದ್ದಿ ಹೊರಗಿನವನಿಗೆ ತಪ್ಪಾಗಿ ತಲುಪಿದ್ದರಿಂದ ಒಂದು ಕಾಂಡವೇ ನಡೆಯಿತು. ಸುಗ್ರೀವನ ಕೈಯಲ್ಲಿ ಬಾಲ್ಕಂ ಅವರ ಟೆಲಿಫೋನ್ ಇದ್ದಿದ್ದರೆ ರಾಮಾಯಣದ ದಾರಿಯೇ ಬೇರೆಯಾಗುತ್ತಿತ್ತೋ ಏನೋ. ಎರಡನೆಯದು, ಯಾರು ಯಾವಾಗ ಇಳಿದರು, ಏನು ಕಂಡರು, ಏನು ಕೆಟ್ಟಿತು, ಎಲ್ಲವನ್ನೂ ದಿನಚರಿಯಾಗಿ ಬರೆದಿಟ್ಟು ಅಚ್ಚು ಹಾಕಿಸಿದರು. ಈ ಎರಡನೆಯ ಕೆಲಸಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಆಮ್ಲಜನಕದ ಮಿತಿ

ಗಾಳಿಯನ್ನು ದಡದಿಂದ ತರಿಸಿಕೊಂಡರೆ ಕೊಳವೆ ಕಾಲಿಗೆ ತೊಡರುತ್ತದೆ. ಹಾಗಾದರೆ ಗಾಳಿಯನ್ನು ಹೊತ್ತೇ ಹೋಗಬೇಕು. ಎರಡನೆಯ ಮಹಾಯುದ್ಧ ಅದಕ್ಕೆ ದಾರಿ ತೋರಿಸಿತು. ನೌಕಾಪಡೆಯ ಮುಳುಗುಗಾರರು ಶುದ್ಧ ಆಮ್ಲಜನಕದ ಚಿಕ್ಕ ಸಿಲಿಂಡರ್ ಹೊತ್ತು ಹೋಗುತ್ತಿದ್ದರು. ಬಿಟ್ಟ ಉಸಿರು ಸುಣ್ಣದಂಥ ರಾಸಾಯನಿಕದ ಡಬ್ಬಿಯಲ್ಲಿ ಹಾಯ್ದು, ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು, ಮತ್ತೆ ಉಸಿರಾಟದ ಚೀಲಕ್ಕೆ ಬರುತ್ತದೆ. ಸಿಲಿಂಡರ್ ಚಿಕ್ಕದು, ಬಾಳಿಕೆ ಹೆಚ್ಚು. 1946ರಲ್ಲಿ ಬಾಲ್ಕಂ ಕೇವ್ ಡೈವಿಂಗ್ ಗ್ರೂಪ್ ಎಂಬ ಸಂಘ ಕಟ್ಟಿದರು. ಇಂದಿಗೂ ಬ್ರಿಟನ್ನಿನ ಗುಹೆ ಮುಳುಗುಗಾರರ ಮನೆ ಅದೇ. ಆ ವರ್ಷದ ಜೂನ್ ತಿಂಗಳಲ್ಲಿ ವೂಕಿಯಲ್ಲಿ ಮತ್ತೆ ಮುಳುಗು ಶುರುವಾಯಿತು. ನದಿಯ ತಳದಲ್ಲಿ ರೋಮನ್ನರ ಕಾಲದ ಅವಶೇಷಗಳು ಸಿಕ್ಕಿ, ಕೆಲಕಾಲ ಮುಳುಗುಗಾರರು ಪುರಾತತ್ತ್ವಜ್ಞರೇ ಆಗಿಬಿಟ್ಟರು.

ಬಾಲ್ಕಂ ಆಗ ಒಂದು ಯಂತ್ರ ಮಾಡಿದರು. ದೀಪ, ದಿಕ್ಸೂಚಿ, ದಾರದ ರಾಟೆ ಮೂರೂ ಒಂದರಲ್ಲೇ. ಅದನ್ನು ಹಿಡಿದು ನಡೆದರೆ ಹಿಂದೆ ದಾರ ಬಿಚ್ಚಿಕೊಳ್ಳುತ್ತ ಬರುತ್ತದೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಆಫ್ಲೊಲಾನ್ ಎಂದು ಕರೆದರು. ಹೆಸರು ಇಂದು ಮರೆತಿದೆ, ರಾಟೆ ಮಾತ್ರ ಉಳಿದಿದೆ. ಇವತ್ತಿನ ಯಾವ ಗುಹೆ ಮುಳುಗುಗಾರನೂ ಕೈಯಲ್ಲಿ ದಾರದ ರಾಟೆಯಿಲ್ಲದೆ ಹೊಸ ಸಂಪಿಗೆ ಇಳಿಯುವುದಿಲ್ಲ. ಕೆಸರೆದ್ದು ಕಣ್ಣು ಕುರುಡಾದಾಗ ಬೆರಳುಗಳಿಗೆ ತಿಳಿಯುವುದು ಅದೊಂದೇ. ಅಲ್ಲಿ ದಾರವೇ ದಾರಿ.

1948ರ ಏಪ್ರಿಲ್ 24ರಂದು ಬಾಲ್ಕಂ ಮತ್ತು ಡಾನ್ ಕೋಸ್ ಒಂಬತ್ತನೆಯ ಕೋಣೆಯಲ್ಲಿ ತಲೆಯೆತ್ತಿದರು. ವಿಶಾಲವಾದ, ಗಾಳಿಯಿದ್ದ ಕೋಣೆ. ಅದನ್ನೇ ಮುಂದಿನ ಠಾಣೆ ಮಾಡಿಕೊಂಡು ಹತ್ತು, ಹನ್ನೊಂದನೆಯ ಕೋಣೆಗಳನ್ನು ಕಂಡರು. ಅಲ್ಲಿಂದ ದಾರಿ ಕೆಳಕ್ಕೆ ಧುಮುಕುತ್ತಿತ್ತು. ಇಲ್ಲಿ ಒಂದು ವಿಚಿತ್ರ ತೊಡಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಪ್ರಾಣವಾಯು ಎಂದು ನಾವು ಕರೆಯುವ ಆಮ್ಲಜನಕವೇ ಒತ್ತಡದಲ್ಲಿ ವಿಷವಾಗುತ್ತದೆ, ಸೆಳವು ಬಂದು ಪ್ರಜ್ಞೆ ತಪ್ಪುತ್ತದೆ. ಇಂದಿನ ಲೆಕ್ಕದಲ್ಲಿ ಶುದ್ಧ ಆಮ್ಲಜನಕಕ್ಕೆ 6 ಮೀಟರೇ ಮಿತಿ. ಅಮೃತಕ್ಕೂ ಅಳತೆಯುಂಟು ಎಂದಾಯಿತು.

1949ರ ಏಪ್ರಿಲ್ 9ರಂದು ಒಂಬತ್ತನೆಯ ಕೋಣೆಯಿಂದ ಮರಳುತ್ತಿದ್ದ ಗೋರ್ಡನ್ ಮ್ಯಾರಿಯಟ್ ಬದುಕಿ ಬರಲಿಲ್ಲ. ವೂಕಿ ತೆಗೆದುಕೊಂಡ ಮೊದಲ ಪ್ರಾಣ ಅದು. 1981ರಲ್ಲಿ ಇನ್ನೊಂದು ಪ್ರಾಣ ಹೋಯಿತು, ಅದೂ ಹೊಸ ಶೋಧದಲ್ಲಲ್ಲ, ಪರಿಚಿತ ದಾರಿಯಲ್ಲಿ. ಎರಡೂ ಸಾವುಗಳ ಮುಂದೆ ನಾವು ಒಂದು ಕ್ಷಣ ನಿಲ್ಲಬೇಕು. ಈ ಕಥೆಯನ್ನು ಬರೀ ಸಾಹಸದ ಪಟ್ಟಿಯಾಗಿ ಹೇಳಿಬಿಟ್ಟರೆ ಅದು ಅರ್ಧ ಸುಳ್ಳು.

ತಪ್ಪಾಗಿ ಕಲಿತ ಪಾಠ

ಫ್ರಾನ್ಸಿನಲ್ಲಿ 1943ರಲ್ಲೇ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಅಕ್ವಾಲಂಗ್ ರೂಪಿಸಿದ್ದರು. ಒತ್ತಿ ತುಂಬಿದ ಸಾಮಾನ್ಯ ಗಾಳಿಯನ್ನು ಆಳಕ್ಕೆ ತಕ್ಕ ಒತ್ತಡದಲ್ಲಿ ಬಾಯಿಗೆ ಕೊಡುವ ಸಾಧನ ಅದು. ಅದನ್ನು ಹೊತ್ತು ಕುಸ್ಟೊ ತಂಡ 1946ರ ಆಗಸ್ಟ್‌ನಲ್ಲಿ ವೊಕ್ಲ್ಯೂಸ್ ಎಂಬ ಬುಗ್ಗೆಯ ಬಾಯಿಗೆ ಇಳಿಯಿತು. ಸಿಲಿಂಡರಿಗೆ ತುಂಬಿದ ಗಾಳಿಯಲ್ಲಿ ಎಂಜಿನ್ನಿನ ಕಾರ್ಬನ್ ಮಾನಾಕ್ಸೈಡ್ ಸೇರಿಹೋಗಿತ್ತು. ಪ್ರಾಣದೊಂದಿಗೆ ಮೇಲೆ ಬಂದದ್ದೇ ಹೆಚ್ಚು.

ವೂಕಿಗೆ ಅಕ್ವಾಲಂಗ್ ಬಂದದ್ದು 1955ರಲ್ಲಿ. ಬಾಬ್ ಡೇವಿಸ್ ಅದನ್ನು ಹೊತ್ತು, ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡು, ತಳದಲ್ಲಿ ನಡೆಯುವ ಬದಲು ಈಜಿದರು. ಹನ್ನೊಂದನೆಯ ಕೋಣೆಯಲ್ಲಿ ದಾರವೂ ಜೊತೆಗಾರರೂ ತಪ್ಪಿಹೋದರು. ಒಬ್ಬರೇ ಹೋಗಿ ಹದಿಮೂರನೆಯ ಕೋಣೆಯಲ್ಲಿ ಎದ್ದು, ಮೂರು ಗಂಟೆ ಅಲ್ಲಿ ಸಿಕ್ಕಿಕೊಂಡಿದ್ದು, ಬಹಳ ಕಷ್ಟದಿಂದ ಹಿಂದಿರುಗಿದರು. ಹೊಸ ಕೋಣೆಗಳೇನೋ ಸಿಕ್ಕವು, ಅವನ್ನು ಕಂಡವರು ಇನ್ನೇನು ಇಲ್ಲವಾಗುತ್ತಿದ್ದರು.

ಇದರಿಂದ ಸಂಘದವರು ಕಲಿತ ಪಾಠವೇನು? ಅಕ್ವಾಲಂಗ್ ಅಪಾಯ, ಈಜುವುದು ಅಪಾಯ, ಹಳೆಯಂತೆ ತಳದಲ್ಲಿ ನಡೆಯುವುದೇ ಮೇಲು ಎಂದು. ತಪ್ಪಿದ್ದು ದಾರ, ಬೈಗುಳ ತಿಂದದ್ದು ಸಿಲಿಂಡರ್. ನಾವೂ ಹೀಗೆಯೇ ಅಲ್ಲವೇ? ಕುಣಿಯಲಾರದವಳು ನೆಲ ಡೊಂಕು ಎಂದಳು. ಮುಂದಿನ ಕೆಲವು ವರ್ಷ ಅವರು ಸಾರಜನಕ ಮತ್ತು ಆಮ್ಲಜನಕ ಬೆರೆಸಿದ, ಬಿಟ್ಟ ಉಸಿರನ್ನು ಮತ್ತೆ ಬಳಸುವ ಸಾಧನಗಳಲ್ಲೇ ಮುಂದುವರಿದರು. ಜಾನ್ ಬಕ್ಸ್‌ಟನ್ ಜೊತೆಗೆ ಆಲಿವರ್ ವೆಲ್ಸ್ ಎಂಬವರಿದ್ದರು, ಕಾದಂಬರಿಕಾರ ಎಚ್.ಜಿ. ವೆಲ್ಸ್ ಅವರ ಮೊಮ್ಮಗ. 1957ರಿಂದ 1960ರ ನಡುವೆ ಅವರು 22 ಮೀಟರ್ ಆಳದ ಒಂದು ಕಿಂಡಿಯವರೆಗೆ ಹೋದರು. ಉಸಿರಾಡುತ್ತಿದ್ದ ಮಿಶ್ರಣ ಅದಕ್ಕಿಂತ ಕೆಳಗೆ ಬಿಡಲಿಲ್ಲ. ಆಮೇಲೆ ಆರು ವರ್ಷ ಮೌನ.

ಸಾಧನವನ್ನು ಬೈಯುವುದು ಬಿಟ್ಟು ಅಭ್ಯಾಸವನ್ನು ತಿದ್ದಿಕೊಂಡವರು ಮುಂದಿನ ತಲೆಮಾರಿನವರು. ಮೈಗೆ ನಿಯೊಪ್ರೀನ್ ಉಡುಪು, ಬೆನ್ನಿನ ಬದಲು ಪಕ್ಕೆಗೆ ಕಟ್ಟಿದ ಸಿಲಿಂಡರುಗಳು, ಒಂದು ಕೈಕೊಟ್ಟರೆ ಇನ್ನೊಂದು. ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದದ್ದು ಮುಟ್ಟಬಾರದ ಆಪದ್ಧನ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದ ಲೆಕ್ಕವೇ ಇದು. ದಾರ ಸಡಿಲವಾಗಿ ತೇಲದಂತೆ ಅಲ್ಲಲ್ಲಿ ಬಂಡೆಗೆ ಸುತ್ತಿ ಕಟ್ಟುವುದು, ಅಳತೆಗೆ ಗುರುತು ಕಟ್ಟುವುದು ರೂಢಿಯಾಯಿತು. ಆಗ ದಾರಿ ತೋರಿಸುವ ದಾರವೇ ನಕ್ಷೆ ಬರೆಯುವ ಅಳತೆಪಟ್ಟಿಯೂ ಆಯಿತು.

ಫಲ ಬೇಗ ಬಂತು. 1966ರ ಮೇ ತಿಂಗಳಲ್ಲಿ ಡೇವ್ ಸ್ಯಾವೇಜ್ ಹದಿನೆಂಟನೆಯ ಕೋಣೆಯಲ್ಲಿ ಎದ್ದರು. ಜಾನ್ ಪಾರ್ಕರ್ ಮೊದಲು ಇಪ್ಪತ್ತನೆಯ ಕೋಣೆಗೆ, ಆಮೇಲೆ 460 ಮೀಟರಿನ ಒಂದು ದೀರ್ಘ ಮುಳುಗಿನಲ್ಲಿ ಇಪ್ಪತ್ತೆರಡನೆಯ ಕೋಣೆಗೆ ತಲುಪಿದರು. ಅಲ್ಲಿ ದಾರಿ ಕಳೆದಂತಾಯಿತು. 1976ರಲ್ಲಿ ಕಾಲಿನ್ ಎಡ್ಮಂಡ್ ಅದೇ ಕೋಣೆಯ ಆಳವಾದ ಮಡುವಿನಲ್ಲಿ, 18 ಮೀಟರ್ ಕೆಳಗೆ, ಮುಂದಿನ ಬಾಯಿಯನ್ನು ಪತ್ತೆ ಮಾಡಿದರು. ಮಾರ್ಟಿನ್ ಫಾರ್ ಅದನ್ನು ದಾಟಿ ಇಪ್ಪತ್ತನಾಲ್ಕನೆಯ ಕೋಣೆಯಲ್ಲಿ ಎದ್ದರು. ಅಲ್ಲಿ ನದಿ ಬಯಲಿನಲ್ಲೆಂಬಂತೆ ಹರಿಯುತ್ತಿತ್ತು! ನಡೆದುಹೋದರೆ ಕೊನೆಗೆ ಇಪ್ಪತ್ತೈದನೆಯ ಕೋಣೆ, ಬಣ್ಣವಿಲ್ಲದ ಮಂಕು ಸರೋವರ. ಮಂಕಿನ ಕೆರೆ ಎಂಬ ಅರ್ಥದ ಹೆಸರನ್ನೇ ಅದಕ್ಕಿಟ್ಟರು. ಆ ಕೆರೆಯ ತಳದಲ್ಲಿ ಗುಹೆ ಮತ್ತೆ ಪಾತಾಳಕ್ಕೆ ಇಳಿಯುತ್ತದೆ.

ಆಳದ ಲೆಕ್ಕ

1977ರಲ್ಲಿ ಫಾರ್ ಅಲ್ಲಿ 45 ಮೀಟರ್ ಇಳಿದರು. 1982ರಲ್ಲಿ 60. 1985ರಲ್ಲಿ ರಾಬ್ ಪಾರ್ಕರ್ 68. 2004ರಲ್ಲಿ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥನ್ 76, ಮರುವರ್ಷ ಅವರೇ 90 ಮೀಟರ್. ಅಂದಿಗೆ ಅದು ಬ್ರಿಟಿಷ್ ದ್ವೀಪಗಳ ಗುಹೆ ಮುಳುಗಿನ ದಾಖಲೆ. 2008ರಲ್ಲಿ ಐರ್ಲೆಂಡಿನ ಪೊಲ್ಲಾಟೂಮರಿಯಲ್ಲಿ ಪೋಲೆಂಡಿನ ಆರ್ಟುರ್ ಕೊಝ್ಲೋವ್ಸ್ಕಿ 103 ಮೀಟರ್ ಇಳಿದು ಅದನ್ನು ಮುರಿದರು.

ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ, ಕ್ಷಮಿಸಿ. ಅವುಗಳ ಹಿಂದಿನ ಪಾಡು ಹಾಗೆ ಮುಗಿಯುವುದಲ್ಲ. 90 ಮೀಟರಿನಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಹತ್ತು ಪಟ್ಟು. ಸಾಮಾನ್ಯ ಗಾಳಿಯ ಸಾರಜನಕ ಅಷ್ಟು ಒತ್ತಡದಲ್ಲಿ ಹೆಂಡ ಕುಡಿದಂತೆ ಮಂಪರು ತರಿಸುತ್ತದೆ. ಅದಕ್ಕೆ ಹೀಲಿಯಂ ಬೆರೆಸಬೇಕು. ಮೇಲೆ ಬರುವಾಗ ರಕ್ತದಲ್ಲಿ ಕರಗಿದ ಅನಿಲ ಸೋಡಾ ಬಾಟಲಿಯಂತೆ ಗುಳ್ಳೆಯೊಡೆಯದಿರಲು ಹಂತಹಂತವಾಗಿ ನಿಂತು ನಿಂತು ಏರಬೇಕು. ವೂಕಿಯ ನೀರು ವರ್ಷವಿಡೀ 11 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರುತ್ತದೆ. ಆ ಚಳಿಯಲ್ಲಿ ಸುಮ್ಮನೆ ಕಾಯುವುದೇ ತಪಸ್ಸು. ಈ ಮುಳುಗು ಶುರುವಾಗುವುದಕ್ಕೆ ಮೊದಲು ಅಷ್ಟೆಲ್ಲ ಸಿಲಿಂಡರುಗಳನ್ನು ಹಿಂದಿನ ಸಂಪುಗಳನ್ನು ದಾಟಿಸಿ ಇಪ್ಪತ್ತೈದನೆಯ ಕೋಣೆಯವರೆಗೆ ಸಾಗಿಸಬೇಕು. ಅದನ್ನು ಹೊತ್ತ ಗೆಳೆಯರ ಹೆಸರು ದಾಖಲೆಯ ಸಾಲಿನಲ್ಲಿ ಬರುವುದಿಲ್ಲ.

ಇನ್ನೊಂದು ಸಂಗತಿ. ಇವರಲ್ಲಿ ಯಾರೂ ಇದಕ್ಕೆ ಸಂಬಳ ಪಡೆದವರಲ್ಲ. ಬಾಲ್ಚ್, ಬಾಲ್ಕಂ, ಶೆಪರ್ಡ್ ಅಂಚೆಯವರು. ಸ್ಟಾಂಟನ್ ಅಗ್ನಿಶಾಮಕ ದಳದವರು, ವೊಲಾಂಥನ್ ಕಂಪ್ಯೂಟರ್ ಕ್ಷೇತ್ರದವರು. ವಾರವೆಲ್ಲ ಕೆಲಸ, ಬಿಡುವಿನಲ್ಲಿ ಗುಹೆ. ಅದರಿಂದ ಲಾಭವೇನು ಎಂಬ ಪ್ರಶ್ನೆಗೆ ಜಗತ್ತೇ ಕಾಣುವಂಥ ಉತ್ತರ ಸಿಕ್ಕಿದ್ದು 2018ರಲ್ಲಿ.

ಥಾಮ್ ಲುವಾಂಗ್

2018ರ ಜೂನ್ 23ರಂದು ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತದಲ್ಲಿ, ಕಾಡುಹಂದಿಗಳು ಎಂಬ ಹೆಸರಿನ ಫುಟ್‌ಬಾಲ್ ತಂಡದ 12 ಹುಡುಗರು ತಮ್ಮ ತರಬೇತುದಾರನೊಂದಿಗೆ ಥಾಮ್ ಲುವಾಂಗ್ ಗುಹೆ ಹೊಕ್ಕರು. ಮಳೆ ಸುರಿಯಿತು, ಗುಹೆ ತುಂಬಿತು, ಬಾಗಿಲಲ್ಲಿ ಸೈಕಲ್ಲುಗಳು ಉಳಿದವು. ಆ ಗುಹೆಯನ್ನು ಬಲ್ಲ ಬ್ರಿಟಿಷ್ ಗುಹಾಸಕ್ತರೊಬ್ಬರು ಹತ್ತಿರದಲ್ಲೇ ನೆಲೆಸಿದ್ದರು. ಕರೆಸಬೇಕಾದವರ ಹೆಸರು ಅವರಿಗೆ ಗೊತ್ತಿತ್ತು. ವೂಕಿಯ 90 ಮೀಟರಿನ ಅದೇ ಜೋಡಿ, ಸ್ಟಾಂಟನ್ ಮತ್ತು ವೊಲಾಂಥನ್, ವಿಮಾನ ಹತ್ತಿದರು.

ಜುಲೈ 2ರಂದು ವೊಲಾಂಥನ್ ಕೆಸರು ನೀರಿನಲ್ಲಿ ದಾರ ಬಿಡುತ್ತ ಹೋಗುತ್ತಿದ್ದರು. ರಾಟೆಯಲ್ಲಿದ್ದ ದಾರ ಮುಗಿಯಿತು. ಮೇಲೆದ್ದರು. ಮೊದಲು ಮೂಗಿಗೆ ಮನುಷ್ಯರ ವಾಸನೆ, ಆಮೇಲೆ ದೀಪದ ಬೆಳಕಿಗೆ 13 ಮುಖಗಳು. ಗುಹೆಯ ಬಾಗಿಲಿನಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ, ಹತ್ತನೆಯ ದಿನ.

ಹುಡುಗರು ಸಿಕ್ಕರು, ಹೊರತರುವುದು ಹೇಗೆ? ಜುಲೈ 6ರಂದು ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮಾನ್ ಕುನಾನ್ ಸಿಲಿಂಡರ್ ಸಾಗಿಸಿ ಮರಳುವಾಗ ಪ್ರಾಣ ತೆತ್ತರು. ಕೊನೆಗೆ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ, ತಾವೇ ಗುಹೆ ಮುಳುಗುಗಾರರಾದ ರಿಚರ್ಡ್ ಹ್ಯಾರಿಸ್ ಒಬ್ಬೊಬ್ಬ ಹುಡುಗನಿಗೂ ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟರು. ಮುಖಕ್ಕೆ ಪೂರ್ಣ ಮುಸುಕು. ಮುಳುಗುಗಾರನ ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಮಗು. ಜುಲೈ 8ರಿಂದ 10ರವರೆಗೆ ಮೂರು ದಿನದಲ್ಲಿ 13 ಮಂದಿಯೂ ಜೀವಂತ ಹೊರಬಂದರು. ಕೊನೆಯ ದಿನ ಒಬ್ಬ ಮುಳುಗುಗಾರರ ಕೈಯಿಂದ ದಾರ ಜಾರಿಹೋಯಿತು. ತಡಕಾಡಿದಾಗ ಬೆರಳಿಗೆ ಸಿಕ್ಕಿದ್ದು ಒಂದು ವಿದ್ಯುತ್ ತಂತಿ. ಅದನ್ನೇ ಹಿಡಿದು ಮಗುವಿನೊಂದಿಗೆ ಹಿಂದಿನ ಕೋಣೆ ಮುಟ್ಟಿದರು. ಯಾವನೋ ಲೈನ್‌ಮನ್ ಎಳೆದಿದ್ದ ತಂತಿ!

ನೀರಿನ ಮಟ್ಟ ಇಳಿಸದೆ ಇದೊಂದೂ ಆಗುತ್ತಿರಲಿಲ್ಲ. ನೀರೆತ್ತುವ ಕೆಲಸಕ್ಕೆ ಸಲಹೆ ಕೊಡಲು ಭಾರತದಿಂದ ಹೋದ ತಂಡ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯದು. ಆ ಕಂಪನಿ 1888ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಒಂದು ಸೈಕಲ್ ಅಂಗಡಿಯಾಗಿ.

ಬರೆದಿಡುವ ಕೆಲಸ

ಈಗ ಮೊದಲು ಬಾಕಿ ಉಳಿಸಿದ ಮಾತಿಗೆ ಬರುತ್ತೇನೆ. 1935ರ ಆ ದಿನಚರಿ. ಬಾಲ್ಕಂ ತಂಡ ಹೋದದ್ದು 52 ಮೀಟರ್ ಮಾತ್ರ. ಅವರು ಕಂಡ ಕೋಣೆಗಳಿಗೆ 1970ರ ದಶಕದಲ್ಲಿ ಸುರಂಗ ಕೊರೆದರು, 2015ರಲ್ಲಿ ಇಪ್ಪತ್ತನೆಯ ಕೋಣೆಗೂ ಕೊರೆದರು. ಮ್ಯಾರಿಯಟ್ ಪ್ರಾಣ ಬಿಟ್ಟ ದಾರಿಯಿಂದಾಚೆಗೆ ಪ್ರವಾಸಿಗಳು ಇಂದು ಐಸ್‌ಕ್ರೀಂ ಚಪ್ಪರಿಸುತ್ತ ಒಣಗಾಲಲ್ಲಿ ಹೋಗಬಹುದು. ದೂರದ ದಾಖಲೆ ಹೀಗೆ ಹಳತಾಗುತ್ತದೆ. ಹಳತಾಗದೆ ಉಳಿದದ್ದು ಅಭ್ಯಾಸ: ಹೋದಷ್ಟು ದೂರ ದಾರ ಕಟ್ಟಿ ಬರುವುದು, ಬಂದ ಮೇಲೆ ಬರೆದಿಡುವುದು, ತಪ್ಪನ್ನೂ ಬರೆಯುವುದು. 1955ರಲ್ಲಿ ತಪ್ಪಾಗಿ ಕಲಿತ ಪಾಠವನ್ನು ಮುಂದಿನವರು ತಿದ್ದಿಕೊಂಡದ್ದೂ ನಡೆದದ್ದನ್ನು ಬಚ್ಚಿಡದೆ ದಾಖಲಿಸಿದ್ದರಿಂದಲೇ. ಮಾರ್ಟಿನ್ ಫಾರ್ ಗುಹೆ ಮುಳುಗಿನ ಇಡೀ ಚರಿತ್ರೆಯನ್ನೇ ಪುಸ್ತಕವಾಗಿ ಬರೆದರು. ಥಾಯ್ಲೆಂಡಿನ ಆ 13 ಮಂದಿಯನ್ನು ತಂದದ್ದು ಮೂರು ದಿನದ ಶೌರ್ಯ ಎಂದು ಜಗತ್ತು ಕೊಂಡಾಡಿತು. ನನ್ನ ಲೆಕ್ಕದಲ್ಲಿ ಅದು 80 ವರ್ಷದ ದಿನಚರಿಯ ಫಲ.

ನಮ್ಮಲ್ಲೂ ನೀರು ಬಲ್ಲವರಿದ್ದಾರೆ. ಹೊಳೆಯ ಮಡುವಿನಲ್ಲಿ, ನಾಲೆಯಲ್ಲಿ, ಕಲ್ಲು ಕ್ವಾರಿಯಲ್ಲಿ ಯಾರಾದರೂ ಮುಳುಗಿದರೆ ಪೊಲೀಸರು ಕರೆಸುವುದು ಆಯಾ ಊರಿನ ಮುಳುಗುತಜ್ಞರನ್ನು. ಯಾವ ಮಡುವಿನಲ್ಲಿ ಸುಳಿ ಎಲ್ಲಿದೆ, ಹೆಣ ಎಷ್ಟನೆಯ ದಿನ ಎಲ್ಲಿ ಏಳುತ್ತದೆ, ಬೇರಿನ ಬಲೆ ಎಲ್ಲಿ ಕಾಲು ಹಿಡಿಯುತ್ತದೆ, ಇದು ಅವರ ಬೆರಳಿಗೆ ಗೊತ್ತು. ಪತ್ರಿಕೆಯಲ್ಲಿ ಅವರ ಬಗ್ಗೆ ಬರುವುದು ಒಂದು ಸಾಲು, ಹಲವು ಸಲ ಹೆಸರೂ ಇರುವುದಿಲ್ಲ. ಅವರು ಹೋದ ದಿನ ಆ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. ಮುಂದಿನ ಹುಡುಗ ಮತ್ತೆ ಮೊದಲಿನಿಂದ, ಕೈಯಲ್ಲಿ ದಾರವಿಲ್ಲದೆ ಶುರುಮಾಡುತ್ತಾನೆ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಇಂಥವರು ಒಬ್ಬರಾದರೂ ಇರುತ್ತಾರೆ. ಈ ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋಗಿ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಮಡುವಿನ ಹೆಸರು, ಆಳ, ತಿಂಗಳು ಸಮೇತ ಬರೆದುಕೊಳ್ಳಿ. ಅವರು ತಪ್ಪಿದ ಕಡೆಯನ್ನು ಕೇಳುವುದಕ್ಕೆ ಸಂಕೋಚಪಡಬೇಡಿ, ಹೇಳುವುದಕ್ಕೆ ಅವರೂ ಸಂಕೋಚಪಡುವುದಿಲ್ಲ. ಬರೆದದ್ದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.